ಎರಡನೇ ಗಂಟು

ದೋಣಿಗೆ ಅಮ್ಮನ ಬಳೆ ಹೋಯಿತು. ಹುಟ್ಟಿಗೆ ಹಿರಿಮಗ ಮೇಸ್ತ್ರಿಯ ಹಳೆಯ ಸ್ಕೂಟರ್ ಹೋಯಿತು. ಹೇಗೂ ಅದನ್ನು ಓಡಿಸುವ ಕಾಲು ಅವನಿಗಿರಲಿಲ್ಲ. ವಿಮಾನದ ಖರ್ಚನ್ನು ದೋಣಿ ಪಂದ್ಯದ ಒಕ್ಕೂಟದವರು ಕೊಟ್ಟರು, ಆದರೆ ಕೊಡುವಷ್ಟರಲ್ಲಿ ಒಂದು ಜೊತೆ ಚಪ್ಪಲಿ ಸವೆಯಿತು. ಅದೂ ತಮ್ಮನ ಚಪ್ಪಲಿ. ಇಷ್ಟನ್ನು ಯಾರು ಬೇಕಾದರೂ ಕೂಡಿಸಿ ಹೇಳಬಹುದು. ಕೂಡಿಸಲು ಬಾರದೆ ಉಳಿದದ್ದು ತಮ್ಮನದೇ ಬಾಬ್ತು. ಎಂಟು ವರ್ಷ ಹೋಗಿತ್ತು, ಕೈಯಲ್ಲಿದ್ದ ಕಸುಬು ಹೋಗಿತ್ತು, ಮನೆ ಬಾಗಿಲಿಗೆ ಬಂದ ಹೆಣ್ಣಿನ ಸಂಬಂಧ ಹಾಗೇ ಹಿಂದಿರುಗಿತ್ತು. ಯಾರು ಏನೇ ಕೇಳಲಿ, ಅವನದು ಒಂದೇ ಉತ್ತರ: "ಅಣ್ಣನ್ನ ಯಾರು ನೋಡ್ಕೊಳ್ತಾರೆ?"

ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಮೇಸ್ತ್ರಿ ಗಾಲಿಕುರ್ಚಿ ತಳ್ಳಿಕೊಂಡು ಹೊರಗೆ ಹೋಗುತ್ತಿದ್ದ.

ಅಣ್ಣತಮ್ಮಂದಿರಿಬ್ಬರೂ ಲಿಫ್ಟ್ ರಿಪೇರಿಯವರು. ಲಿಫ್ಟಿನ ಬಾವಿಯೊಳಗೆ ಹಗ್ಗ ಕಟ್ಟಿಕೊಂಡು ಇಳಿಯುವವನಿಗೆ ಮೇಲಿದ್ದವನು ಎರಡು ಗಂಟು ಹಾಕಬೇಕು. ಒಂದು ಗಂಟು ಕೆಲಸಕ್ಕೆ, ಇನ್ನೊಂದು ಜೀವಕ್ಕೆ. ಆ ದಿನ ಹೊಟ್ಟೆ ಹಸಿದಿತ್ತು, ಕೆಲಸ ಚಿಕ್ಕದಿತ್ತು. ತಮ್ಮ ಒಂದು ಗಂಟು ಹಾಕಿ ಎರಡನೆಯದಕ್ಕೆ ಕೈಹಾಕಿದಾಗ, "ಸಾಕು ಬಿಡೋ, ಐದು ನಿಮಿಷದ ಕೆಲಸ" ಅಂದವನು ಮೇಸ್ತ್ರಿಯೇ. ಗಂಟು ಜಾರಿ ಮೇಸ್ತ್ರಿ ಬಾವಿಯ ತಳಕ್ಕೆ ಬಿದ್ದ. ಅಂದಿನಿಂದ ಸೊಂಟದ ಕೆಳಗೆ ಅವನಿಗೆ ಬಿಸಿಯೂ ತಿಳಿಯದು, ತಂಪೂ ತಿಳಿಯದು.

ಆ ದಿನದ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ತಮ್ಮ ಮಾತ್ರ ಕಂಡಕಂಡದ್ದಕ್ಕೆಲ್ಲ ಎರಡು ಗಂಟು ಹಾಕಲು ಶುರುಮಾಡಿದ. ಬಟ್ಟೆ ಒಣಹಾಕುವ ಹಗ್ಗಕ್ಕೆ ಎರಡು, ಪ್ರಯಾಣದ ಚೀಲಕ್ಕೆ ಎರಡು. "ಮೂರು ಗಂಟು ಹಾಕೋ ವಯಸ್ಸಲ್ಲಿ ನಿಮ್ಮ ತಮ್ಮ ಎರಡೆರಡು ಹಾಕ್ಕೊಂಡು ಕೂತಿದಾನಲ್ಲ" ಎಂದು ಕೋಚ್ ಮೇಡಮ್ ನಗಾಡುತ್ತಿದ್ದರು. ತಮ್ಮನೂ ನಗುತ್ತಿದ್ದ. ಮೇಸ್ತ್ರಿ ಬೇರೆ ಕಡೆ ನೋಡುತ್ತಿದ್ದ.

ಹಗ್ಗ ಎಳೆದೆಳೆದು ಗಟ್ಟಿಯಾದ ತೋಳು ಮೇಸ್ತ್ರಿಯನ್ನು ಅಂಗವಿಕಲರ ಈ ಅಂತರರಾಷ್ಟ್ರೀಯ ಪಂದ್ಯದವರೆಗೂ ತಂದಿತ್ತು. ಇನ್ನೂರು ಮೀಟರ್ ನೀರು. ಈ ಸುತ್ತಿನಲ್ಲಿ ಮೊದಲ ಮೂವರೊಳಗೆ ಬಂದರೆ ಫೈನಲ್.

ಬೆಳಿಗ್ಗೆ ತಪಾಸಣೆಯವರು ದೋಣಿ ತೂಗಿ, ಅವನ ತೊಡೆಯನ್ನು ಆಸನಕ್ಕೆ ಬಿಗಿಯುವ ಪಟ್ಟಿಯನ್ನೂ ನೋಡಿದ್ದರು. ಪಟ್ಟಿಗೊಂದು ಕೆಂಪು ಬಾಲ. ದೋಣಿ ಮಗುಚಿದರೆ ಅದನ್ನು ಎಳೆದರಾಯಿತು, ಪಟ್ಟಿ ಬಿಚ್ಚಿ ಮನುಷ್ಯ ಹೊರಗೆ ಬರುತ್ತಾನೆ. ತಪಾಸಣೆ ಮುಗಿದ ಮೇಲೆ ತಮ್ಮ ಅವನನ್ನು ಎತ್ತಿ ದೋಣಿಯಲ್ಲಿ ಕೂರಿಸಿ ಪಟ್ಟಿ ಬಿಗಿದ.

"ನಿನ್ನೆ ಅಭ್ಯಾಸದಲ್ಲಿ ಪಟ್ಟಿ ಜಾರಿತ್ತಲ್ಲ, ಅಣ್ಣ."

"ಒಂದು ಬೆರಳಷ್ಟು. ಇವತ್ತು ಸ್ವಲ್ಪ ಎಳೆದು ಕಟ್ಟು, ಸಾಕು."

"ಕಟ್ಟಿದೀನಿ. ಬೆಟ್ಟ ಅಲ್ಲಾಡಿದ್ರೂ ನೀನು ಅಲ್ಲಾಡಲ್ಲ."

"ಬೆಟ್ಟದ ಹಾಗೆ ಕೂರೋಕೆ ಬಂದಿಲ್ಲ ಕಣೋ. ಮುಂದಕ್ಕೆ ಹೋಗ್ಬೇಕು."

ತಮ್ಮ ನಕ್ಕು ದೋಣಿಯನ್ನು ನೀರಿಗೆ ನೂಕಿದ.

ಆರಂಭದ ಗೆರೆಯಲ್ಲಿ ಪ್ರತಿ ಲೇನಿಗೂ ಒಂದು ಕೊಳಗದಂಥ ಸಾಧನ ನೀರಿನಿಂದ ಮೇಲೆದ್ದಿರುತ್ತದೆ. ದೋಣಿಯ ಮೂತಿಯನ್ನು ಅದರೊಳಗೆ ತೂರಿಸಿ ಕಾಯಬೇಕು; ಸದ್ದಾದಾಗ ಅದು ನೀರೊಳಗೆ ಮುಳುಗಿ ದಾರಿ ಬಿಡುತ್ತದೆ. ಅಲ್ಲಿಯವರೆಗೆ ಯಾರೂ ಮುಂದಕ್ಕೆ ಕದಲುವಂತಿಲ್ಲ. ತಂಡದವರು ಅದಕ್ಕೆ ಇಟ್ಟ ಹೆಸರು ಬೋನು. ಮೇಸ್ತ್ರಿ ಮೂತಿಯನ್ನು ಬೋನಿಗೆ ಸೇರಿಸಿದ. ಅಭ್ಯಾಸಬಲದಿಂದ ಕೆಂಪು ಬಾಲ ಎಲ್ಲಿದೆ ಎಂದು ಬಲಗೈಯಿಂದ ತಡವಿದ. ಬಾಲ ಸಿಕ್ಕಿತು. ಅದರ ಕೆಳಗೆ ಒಂದು ತೆಳ್ಳನೆಯ ಹುರಿಯೂ ಸಿಕ್ಕಿತು.

ತೊಡೆಗೆ ಸ್ಪರ್ಶವಿರಲಿಲ್ಲ, ಬೆರಳಿಗಿತ್ತು. ಹುರಿ ಪಟ್ಟಿಯ ಮೇಲಿಂದ ಹಾದು ಆಸನದ ಕೆಳಗೆ ಹೋಗಿತ್ತು. ಅಲ್ಲಿ ಗಂಟು. ತಮ್ಮನ ಗಂಟು, ಕತ್ತಲಲ್ಲಿ ಮುಟ್ಟಿದರೂ ಗುರುತು ಸಿಗುವಂಥದ್ದು. ನೀರು ಕುಡಿದು ಕಬ್ಬಿಣದ ಹಾಗೆ ಬಿಗಿದುಕೊಂಡಿತ್ತು. ಒಂದು ಕೈಗೆ ಬಗ್ಗಲಿಲ್ಲ. ಎರಡನೇ ಕೈಯನ್ನು ಹುಟ್ಟಿನಿಂದ ಬಿಟ್ಟ ಕೂಡಲೇ ದೋಣಿ ಓಲಾಡಿತು. ಮತ್ತೆ ಹುಟ್ಟು ಹಿಡಿದ.

ಕೈಯೆತ್ತಿದರೆ ಸಾಕಿತ್ತು. ಅಧಿಕಾರಿಗಳ ದೋಣಿ ಬರುತ್ತಿತ್ತು; ತಪಾಸಣೆಯಾದ ಮೇಲೆ ಹೊಸದಾಗಿ ಏನನ್ನೂ ಕಟ್ಟುವಂತಿಲ್ಲ, ಅವನ ಪಂದ್ಯ ಅಲ್ಲಿಗೇ ಮುಗಿಯುತ್ತಿತ್ತು. ಅದನ್ನಾದರೂ ಸಹಿಸಬಹುದು. ಆದರೆ ಅವರು ಮೊದಲು ಕೇಳುವ ಪ್ರಶ್ನೆ ಅವನಿಗೆ ಗೊತ್ತಿತ್ತು: ಇದನ್ನು ಕಟ್ಟಿದ್ದು ಯಾರು? ಮನೆಯಲ್ಲಿ ಇಷ್ಟು ವರ್ಷ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆಯನ್ನು ಇಲ್ಲಿ ಸಾವಿರ ಜನರೆದುರು ಕೇಳುತ್ತಾರೆ. ತಮ್ಮ ದಡದಲ್ಲಿ ನಿಂತು ಉತ್ತರ ಹೇಳಬೇಕು.

ಮೂತಿ ಬೋನಿನಲ್ಲಿ, ತೊಡೆ ಹುರಿಯಲ್ಲಿ. ಇರಲಿ, ಒಂದು ನಿಮಿಷದ ಕೆಲಸ ತಾನೇ, ಅಂದುಕೊಂಡ. ಅಂದುಕೊಂಡ ಮೇಲೆ, ಈ ಮಾತನ್ನು ಹಿಂದೆಯೂ ಆಡಿದ್ದೆನಲ್ಲ ಎನಿಸಿತು. ಅಷ್ಟರಲ್ಲಿ ಧ್ವನಿವರ್ಧಕ "ರೆಡಿ" ಅಂದಿತು.

ಬೋನು ಮುಳುಗಿತು. ಎಷ್ಟೋ ತಿಂಗಳು ಕಲಿತದ್ದನ್ನು ತೋಳು ತಾನಾಗಿಯೇ ಮಾಡಿತು. ಸೊಂಟ ಜಾರಲಿಲ್ಲ, ಹುಟ್ಟಿನ ಒಂದು ಎಳೆತವೂ ದಂಡವಾಗಲಿಲ್ಲ. ಹುರಿ ಅವನನ್ನು ದೋಣಿಗೆ ಅಂಟಿಸಿದ ಹಾಗಿತ್ತು. ಅರ್ಧ ದಾರಿಯಲ್ಲಿ ಐದನೆಯವನಾಗಿದ್ದವನು ಗೆರೆ ದಾಟುವಾಗ ಮೂರನೆಯವನು. ದಡದಿಂದ ತಮ್ಮನ ಕೂಗು ಕೇಳಿಸಿತು.

ಉಸಿರಿಗಾಗಿ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡ. ಪಕ್ಕದ ದೋಣಿಗಳು ಎಬ್ಬಿಸಿದ ಅಲೆ ಅಡ್ಡಕ್ಕೆ ಬಂದು ಬಡಿಯಿತು. ತಡೆಯಲು ಸೊಂಟಕ್ಕೆ ಬಲವಿರಲಿಲ್ಲ. ದೋಣಿ ಮಗುಚಿತು.

ನೀರಿನೊಳಗೆ ತಲೆಕೆಳಗಾಗಿ ನೇತಾಡುತ್ತ ಕೆಂಪು ಬಾಲ ಎಳೆದ. ಪಟ್ಟಿ ಬಿಚ್ಚಿಕೊಂಡಿತು. ಹುರಿ ಬಿಡಲಿಲ್ಲ. ಉಗುರು ಹಾಕಿದ, ಉಗುರು ಕಿತ್ತುಬಂತು. ಹಿಂದೆ ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ಬಾಗಿಲ ಸಂದಿಯಿಂದ ಅವನು ಧೈರ್ಯ ಹೇಳುತ್ತಿದ್ದ: ಹೆದರಬೇಡಿ, ಒಳಗೆ ಗಾಳಿ ಇದೆ, ಈಗ ತೆಗೀತೀನಿ. ಇಲ್ಲಿ ಗಾಳಿ ಇರಲಿಲ್ಲ. ಎದೆ ಉರಿಯತೊಡಗಿತು. ತನ್ನನ್ನು ಸಾಯಲು ಬಿಡಬಾರದೆಂದು ಹಾಕಿದ ಗಂಟೇ ತನ್ನನ್ನು ಸಾಯಿಸುತ್ತದೆ ಎಂದು ಅವನಿಗೆ ಸ್ಪಷ್ಟವಾಗಿ ಹೊಳೆಯಿತು. ಹೀಗೆ ಸತ್ತರೆ ತಮ್ಮ ಬದುಕಿದ್ದೂ ಸತ್ತಂತೆ ಎಂಬುದೂ ಹೊಳೆಯಿತು.

ರಕ್ಷಣೆಯವನೊಬ್ಬ ಚಾಕುವಿನಿಂದ ಹುರಿ ಕೊಯ್ದು ಅವನನ್ನು ಮೇಲೆಳೆದ.

ವೈದ್ಯರ ಡೇರೆಗೆ ತೀರ್ಪುಗಾರ ಬಂದ. ಕೈಯಲ್ಲಿ ತುಂಡು ಹುರಿ. ಅವನು ಕೇಳಿದ್ದನ್ನು ಕೋಚ್ ಮೇಡಮ್ ಕನ್ನಡದಲ್ಲಿ ಹೇಳಿದರು: "ತಪಾಸಣೆ ಆದ್ಮೇಲೆ ಇದನ್ನ ಕಟ್ಟಿದ್ದು ಯಾರು ಅಂತ."

'ನಾನೇ' ಎನ್ನಲು ಮೇಸ್ತ್ರಿ ಬಾಯಿ ತೆರೆದಿದ್ದ. ಕೆಮ್ಮು ಬಂತು.

"ನಾನು" ಎಂದ ತಮ್ಮ.

ತೀರ್ಪುಗಾರ ಬರೆದುಕೊಂಡು ಹೋದ. ಮೇಡಮ್ ಅವನ ಹಿಂದೆಯೇ ಹೋದರು. ಅಣ್ಣತಮ್ಮ ಇಬ್ಬರೇ ಉಳಿದರು.

"ನಂಗೆ ಹೊರಡೋ ಮೊದಲೇ ಗೊತ್ತಾಗಿತ್ತು ಕಣೋ" ಎಂದ ಮೇಸ್ತ್ರಿ. "ಸುಮ್ಮನಿದ್ದೆ."

"ಯಾಕೆ?"

"ನಿನ್ನ ಹೆಸರು ಬರುತ್ತೆ ಅಂತ."

ತಮ್ಮ ತಲೆ ಹಿಡಿದುಕೊಂಡು ಕೂತ. "ಅವತ್ತು ಹಾಕ್ಲಿಲ್ಲ, ಕಾಲು ಹೋಯ್ತು. ಇವತ್ತು ಹಾಕ್ದೆ, ಜೀವಾನೇ ಹೋಗ್ತಿತ್ತು. ನಾನು ಏನು ಮಾಡ್ಲಿ ಹೇಳಣ್ಣ?"

"ಅವತ್ತು ಸಾಕು ಅಂದೋನು ನಾನು."

"ನೀನಂದೆ ಅಂತ ನಾನ್ಯಾಕೆ ಬಿಡಬೇಕಿತ್ತು?"

ಮೇಸ್ತ್ರಿ ತೋಳೂರಿ ಎದ್ದು ಕೂತು ಹೇಳಿದ: "ಊರಿಗೆ ಹೋದ್ಮೇಲೆ ನೀನು ಕೆಲಸಕ್ಕೆ ಸೇರ್ಕೋ. ನನ್ನ ಪಟ್ಟಿ ನಾನು ಕಟ್ಕೊಳ್ತೀನಿ."

"ನಿನ್ನ ಯಾರು ನೋಡ್ಕೊಳ್ತಾರೆ?"

"ಆದಷ್ಟು ನಾನೇ. ಆಗದಿದ್ರೆ ಕೂಗ್ತೀನಿ. ಪಕ್ಕದ ಮನೆಯವರಿಗೆ ಹೇಗೂ ನಮ್ಮ ಕಡೆಗೇ ಕಿವಿ."

ತಮ್ಮನಿಗೆ ನಗು ಬರಲಿಲ್ಲ. "ನನ್ನ ಓಡಿಸ್ತಿದೀಯಾ?"

ಅಲ್ಲ ಎಂದರೆ ತಮ್ಮ ಹೋಗುವುದಿಲ್ಲ, ಮತ್ತೆ ಮೊದಲಿನ ಹಾಗೇ. "ಹೌದು" ಎಂದ ಮೇಸ್ತ್ರಿ.

ತಮ್ಮ ಎದ್ದು ಡೇರೆಯ ಪರದೆ ಸರಿಸಿ ಹೊರಗೆ ಹೋದ.

ಸಂಜೆಯ ಹೊತ್ತಿಗೆ ಮೂರನೇ ಸ್ಥಾನದಿಂದ ಮೇಸ್ತ್ರಿಯ ಹೆಸರು ತೆಗೆದುಹಾಕಿದರು. ಫೈನಲ್ ಅವನಿಲ್ಲದೆ ನಡೆಯಿತು. ಊರಿಗೆ ಬಂದ ಮರುತಿಂಗಳು ತಮ್ಮ ಲಿಫ್ಟ್ ಕೆಲಸಕ್ಕೆ ಸೇರಿ ಬೇರೆ ಮನೆ ಮಾಡಿದ. ಅಮ್ಮನಿಗೆ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಅಣ್ಣನಿಗೆ ಇನ್ನೂ ಮಾಡಿಲ್ಲ.