ಹಿತ್ತಾಳೆ ಗುಬ್ಬಿಯ ಕರಡಿಗೆ

ನಾನು ಒಂದು ಕರಡಿಗೆ. ಇಷ್ಟಲಿಂಗವನ್ನು ಒಳಗಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿ ಡಬ್ಬಿ. ನನ್ನನ್ನು ಮಾಡಿದ ಅಕ್ಕಸಾಲಿಗ ಕಳ್ಳ. ದಾನವ್ವನ ಮದುವೆಗೆಂದು ಅವಳಪ್ಪ ಕೊಟ್ಟ ಬೆಳ್ಳಿಯಲ್ಲಿ ಒಂದಿಷ್ಟು ನುಂಗಿ, ನನ್ನ ಎಡತುದಿಯ ಗುಬ್ಬಿಯನ್ನು, ಅಂದರೆ ಮೊಗ್ಗಿನಂಥ ಗುಂಡನ್ನು, ಹಿತ್ತಾಳೆಯಲ್ಲಿ ಮಾಡಿ, ಮೇಲೆ ಬೆಳ್ಳಿ ನೀರು ಬಳಿದ. ವರ್ಷದೊಳಗೆ ನೀರು ಸವೆದು ಅದು ಹಳದಿ ಹಲ್ಲು ಕಿಸಿಯಿತು.

ದಾನವ್ವನ ಗಂಡ ರಾಚಪ್ಪ ಸಿಪಾಯಿ. ರಜೆಯಲ್ಲಿದ್ದಾಗ ಗಡಿಯಲ್ಲಿ ಯುದ್ಧ ಹತ್ತಿ ತಂತಿ ಬಂತು. ಅವನ ಇಷ್ಟಲಿಂಗ ಸವೆದ ಅರಿವೆಯ ಗಂಟಿನಲ್ಲಿತ್ತು. ದಾನವ್ವ ಅದನ್ನು ನನ್ನೊಳಗಿಟ್ಟು ಅವನಿಗೆ ಕಟ್ಟಿದಳು. ತನ್ನ ಲಿಂಗವನ್ನು ಆ ಅರಿವೆಯಲ್ಲಿ ಕಟ್ಟಿಕೊಂಡಳು.

"ಹಿತ್ತಾಳಿ ಗುಬ್ಬಿ ನೋಡಿ ಮಂದಿ ನಗ್ತಾರ," ಎಂದ.

"ನಕ್ಕವರ ಹಲ್ಲು ಎಣಿಸಿ ಬಾ," ಎಂದಳು.

ಅವನು ಬರಲಿಲ್ಲ. ಹಿಮದ ನಡುವಿನ ಕಂದಕದಲ್ಲಿ ಗುಂಡು ತಗುಲಿದಾಗ ನಾನು ಅವನ ಎದೆಯ ಮೇಲಿದ್ದೆ. ಗೋಡೆಗೆ ಬೆನ್ನು ಕೊಟ್ಟು, ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವನು ಮತ್ತೆ ಏಳಲಿಲ್ಲ. ಹಿಮ ನಮ್ಮನ್ನು ಮುಚ್ಚಿತು.

ಊರಿಗೆ 'ಕಾಣೆಯಾಗಿದ್ದಾನೆ' ಎಂಬ ಸುದ್ದಿ ಹೋಯಿತಂತೆ. ಊರಿನ ನಾಲಿಗೆಗಳು ಅದಕ್ಕೆ ಬಾಲ ಕಟ್ಟಿದವು. ಎಲ್ಲಕ್ಕಿಂತ ಉದ್ದದ ಬಾಲ ಅವನ ಸ್ವಂತ ತಮ್ಮ ಅಡಿವೆಪ್ಪನದು. "ಓಡಿಹೋಗ್ಯಾನ. ಹೆಂಡತಿ ಬೆಳ್ಳಿ ಮಾರಿ ಅಲ್ಲೇ ಇನ್ನೊಂದು ಸಂಸಾರ ಹೂಡ್ಯಾನ!" ಹೊಲದ ಬದು ದಾಟದ ಶೂರ ಇವನು. ದಾನವ್ವ ಹಣೆಗೆ ಕುಂಕುಮ ಇಟ್ಟರೂ ನಕ್ಕರು, ಇಡದಿದ್ದರೂ ನಕ್ಕರು.

ರಸ್ತೆ ಅಗೆಯುವವರ ಗುದ್ದಲಿ ನಮ್ಮನ್ನು ಮುಟ್ಟುವ ಹೊತ್ತಿಗೆ ಐವತ್ತು ವರ್ಷ ಕಳೆದಿದ್ದವು. ಅವನ ಗುರುತಿನ ಬಿಲ್ಲೆಯನ್ನು ತುಕ್ಕು ತಿಂದಿತ್ತು. ಒಬ್ಬ ಅಧಿಕಾರಿ ನನ್ನನ್ನು ಕಿವಿಯ ಬಳಿ ಅಲ್ಲಾಡಿಸಿ, ನಶ್ಯದ ಡಬ್ಬಿ ಎಂದ. ಥೂ! ಒಳಗೆ ಲಿಂಗ ಕಂಡ ಮೇಲೆ, ಆ ಕಂದಕ ಕಾಯುತ್ತಿದ್ದ ತುಕಡಿಯಲ್ಲಿ ಕಾಣೆಯಾದ ಲಿಂಗಾಯತರ ಮನೆಗಳಿಗೆ ಹೇಳಿಕಳಿಸಿದರು.

ಜಿಲ್ಲಾ ಕಚೇರಿಯ ಮೇಜಿನ ಮೇಲೆ ನನ್ನನ್ನು ಕಂಡ ಕೂಡಲೇ ಮುದುಕಿ ದಾನವ್ವ, "ಇದು ನಂದು," ಎಂದಳು.

"ಯವ್ವಾ, ಗಂಡಸಿನ ಮೈಮ್ಯಾಲ ಸಿಕ್ಕಿದ್ದು ನಿಂದ್ಹೆಂಗಾತು?" ಸಾಹೇಬ ನಕ್ಕ.

"ಎಡಗಡೆ ಗುಬ್ಬಿ ತಿಕ್ಕಿ ನೋಡ್ರಿ. ಹಿತ್ತಾಳಿ ಐತಿ."

ತಿಕ್ಕಿದ. ನಗು ನಿಂತಿತು. ಕಂದಕದಲ್ಲಿ ಕೂತಂತೆಯೇ ಸಿಕ್ಕನೆಂದು ಅವಳಿಗೆ ಹೇಳಿದ. ಅಡಿವೆಪ್ಪನ ರಕ್ತ ತೆಗೆದು ಎಲುಬಿನೊಂದಿಗೆ ಹೋಲಿಸಿದರು, ಕೂಡಿಬಂತು. ಅಣ್ಣನಿಗೆ ಆ ರಕ್ತದಿಂದ ಆದ ಉಪಕಾರ ಅದೊಂದೇ.

ಎಲುಬು ಊರಿಗೆ ಬಂದಾಗ, ಓಡಿಹೋದನೆಂದ ಬಾಯಿಗಳೇ ಜೈಕಾರ ಹಾಕಿದವು. ಬಾವುಟ, ಹಾರ, ಕ್ಯಾಮೆರಾ. ಅಧಿಕಾರಿಗಳು ಕೇಳದೆಯೇ ಚಿತೆ ಒಟ್ಟಿದ್ದರು.

"ನಮ್ಮೊಳಗ ಸುಡೂದಿಲ್ರಿ. ಕುಂದ್ರಿಸಿ ಮಣ್ಣು ಕೊಡ್ತೀವಿ," ಎಂದಳು ದಾನವ್ವ.

ಅಡಿವೆಪ್ಪ ಗದರಿದ: "ಬರೇ ಎಲುಬು ಹೆಂಗ ಕುಂದ್ರಸ್ತಿ ಅತ್ತಿಗಿ? ದೊಡ್ಡ ಮಂದಿ ಮುಂದ ಮಾನ ಕಳೀಬ್ಯಾಡ."

"ಐವತ್ತು ವರ್ಷ ಕುಂತಲ್ಲೇ ಕುಂತಾನ ಅಂವ. ಓಡಿಸಿದಾಂವ ನೀನು."

ಕಟ್ಟಿಗೆ ಸರಿಸಿದರು. ಎಲುಬುಗಳನ್ನು ಬಿಳಿ ಅರಿವೆಯಲ್ಲಿ ಕಟ್ಟಿ, ಗುಣಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ನೆಟ್ಟಗೆ ಕೂರಿಸಿದರು. ದಾನವ್ವ ಅವನ ಲಿಂಗವನ್ನು ನನ್ನಿಂದ ತೆಗೆದು ಅವನೊಂದಿಗಿಟ್ಟಳು. ಮನೆಗೆ ಬಂದು ತನ್ನ ಲಿಂಗದ ಅರಿವೆ ಬಿಚ್ಚಿದಳು. ಅದು ಮತ್ತೆ ನನ್ನೊಳಗೆ ಬಂತು.

ಈಗ ನಾನು ಅವಳ ಎದೆಯ ಮೇಲೆ ಮುದಿತನ ಕಳೆಯುತ್ತಿದ್ದೇನೆ. ಗುಬ್ಬಿಯನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಹೊಳೆಯಿಸುತ್ತಾಳೆ. ಕಳ್ಳ ಹಚ್ಚಿದ ಹಿತ್ತಾಳೆ ನಿಜ ಹೇಳಿತು; ಒಡಹುಟ್ಟಿದವನ ಬಾಯಿ ಹೇಳಲಿಲ್ಲ. ಮೊನ್ನೆ ಆ ಅಡಿವೆಪ್ಪ ಹಲ್ಲು ಗಿಂಜುತ್ತ ಬಂದ.

"ಅತ್ತಿಗಿ, ಹುಲಿಯಂಥ ನಮ್ಮಣ್ಣನ ಕರಡಿಗಿ. ಗುಬ್ಬಿಗೆ ಬೆಳ್ಳಿ ಹಾಕಿಸ್ಕೊಂಡು ಬರ್ತೀನಿ, ಕೊಡು."

ದಾನವ್ವ ನನ್ನನ್ನು ಸೆರಗಿನೊಳಗೆ ಸರಿಸಿಕೊಂಡಳು.

"ಮೊದ್ಲ ನಿನ್ನ ನಾಲಿಗಿಗೆ ಹಾಕಿಸ್ಕೊಂಡು ಬಾ."