ಒಂಬತ್ತನೇ ತಾರೀಖು

ನನಗೆ ಸಿಟ್ಟು ಬೇಗ ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಆದರೆ ಆ ಗುರುವಾರ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ಅದೇ ತಿಳಿಯದೆ ಒದ್ದಾಡಿಬಿಟ್ಟೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ನನ್ನ ಪರೀಕ್ಷೆ. ಆರು ವರ್ಷದಿಂದ ಕಣ್ಣಿನ ಆಸ್ಪತ್ರೆಯಲ್ಲಿ ಸಹಾಯಕಿಯಾಗಿದ್ದೇನೆ. ಗೋಡೆಯ ಮೇಲಿನ ಅಕ್ಷರಗಳ ಪಟ ತೋರಿಸಿ, "ಒಂದು ಕಣ್ಣು ಮುಚ್ಕೊಳ್ಳಿ, ಏನ್ ಕಾಣ್ಸುತ್ತೆ ಹೇಳಿ" ಎಂದು ದಿನಕ್ಕೆ ನೂರು ಸಲ ಹೇಳುವುದು ನನ್ನ ಕೆಲಸ. ಈ ಪರೀಕ್ಷೆ ಪಾಸಾದರೆ ಕನ್ನಡಕದ ನಂಬರು ಬರೆದುಕೊಡುವ ಕುರ್ಚಿ ನನ್ನದು. ಎರಡು ಸಲ ಡುಮ್ಕಿ ಹೊಡೆದಾಗಿತ್ತು, ಮೂರನೆಯದು ಕೊನೆಯ ಅವಕಾಶ. ಮನೆಯ ಕಂಪ್ಯೂಟರಿನಲ್ಲೇ ಬರೆಯಬಹುದು, ಆದರೆ ಅದಕ್ಕೊಂದು ಪ್ರೋಗ್ರಾಂ ಹಾಕಿಕೊಳ್ಳಬೇಕು. ಗುರುವಾರ ಸಂಜೆ ಐದರೊಳಗೆ ಅದು 'ಸಿದ್ಧ' ಎಂದು ತೋರಿಸದಿದ್ದರೆ ಹೆಸರು ಹೊಡೆದುಹಾಕುತ್ತಾರೆ.

ಬೆಳಿಗ್ಗೆಯಿಂದ ಆ ಹಾಳಾದ್ದು ಒಂದೇ ಹಠ ಹಿಡಿದಿತ್ತು. ಅರ್ಧದವರೆಗೆ ಬರುವುದು, ನಿಲ್ಲುವುದು, 'ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲ' ಎನ್ನುವುದು. ಯಾವ ಪ್ರಮಾಣಪತ್ರ? ಪರೀಕ್ಷೆಯೇ ಆಗಿಲ್ಲ! ತೆಗೆದುಹಾಕಿ ಮತ್ತೆ ಹಾಕಿದೆ. ವೈರಸ್ ಕಾಯುವ ಪ್ರೋಗ್ರಾಂ ನಿಲ್ಲಿಸಿ ನೋಡಿದೆ. ಅಪ್‌ಡೇಟ್ ಮಾಡಲು ಹೋದರೆ ಅದೂ ಕೈಕೊಟ್ಟಿತು. ನಮ್ಮನೆಯವರಿಗೆ ಫೋನ್ ಮಾಡಿದರೆ, "ಒಂದ್ಸಲ ಆಫ್ ಮಾಡಿ ಆನ್ ಮಾಡೇ" ಎಂದರು. ಮದುವೆಯಾಗಿ ಹನ್ನೆರಡು ವರ್ಷ, ಎಲ್ಲಕ್ಕೂ ಅವರದು ಇದೇ ಸಲಹೆ.

ಮಾವ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ನಲವತ್ತು ವರ್ಷ ಗಡಿಯಾರ ರಿಪೇರಿ ಅಂಗಡಿ ನಡೆಸಿ, ಹೋದ ವರ್ಷ 'ಸಾಕಾಯ್ತು' ಎಂದು ಬಾಗಿಲು ಹಾಕಿದವರು. ಅಂದಿನಿಂದ ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ಮಧ್ಯಾಹ್ನ ಊಟವಾದ ಮೇಲೆ ಒಮ್ಮೆ ಕಂಪ್ಯೂಟರ್ ಅವರದು. ಅದರಲ್ಲೇ ಪೇಪರ್ ಓದುತ್ತಾರೆ.

ಹನ್ನೊಂದಕ್ಕೆ ಪರೀಕ್ಷೆಯವರ ಸಹಾಯವಾಣಿಗೆ ಫೋನ್ ಮಾಡಿದೆ. ಎತ್ತಿದ ಹುಡುಗಿ ನನ್ನ ಕೂಗಾಟವನ್ನೆಲ್ಲ ತಣ್ಣಗೆ ಕೇಳಿಸಿಕೊಂಡು, "ಮೇಡಂ, ಸ್ಕ್ರೀನ್ ಮೂಲೇಲಿ ತಾರೀಖು ಎಷ್ಟಿದೆ ನೋಡಿ" ಎಂದಳು.

ನೋಡಿದೆ. ಹೋದ ತಿಂಗಳ ಒಂಬತ್ತು.

"ಅದಕ್ಕೇ ಮೇಡಂ. ನಮ್ಮ ಪ್ರೋಗ್ರಾಂ ಈ ತಿಂಗಳದ್ದು. ನಿಮ್ಮ ಕಂಪ್ಯೂಟರ್ ಲೆಕ್ಕದಲ್ಲಿ ಅದಿನ್ನೂ ಹುಟ್ಟೇ ಇಲ್ಲ."

ತಾರೀಖು ಸರಿ ಮಾಡಿದೆ. ಸರಸರನೆ ಓಡತೊಡಗಿತು. ಅಬ್ಬಾ ಎಂದು ಎದ್ದು, ಮಾವನಿಗೆ ಊಟ ಬಡಿಸಿ, ಪಾತ್ರೆ ತೊಳೆದು ಬಂದರೆ ಮತ್ತೆ ಅದೇ ತಕರಾರು. ತಾರೀಖು? ಒಂಬತ್ತು! ಕಣ್ಣು ಕಣ್ಣು ಬಿಟ್ಟೆ. ನಾನು ಬದಲಾಯಿಸಿದ್ದು ನಿಜವೋ, ಕನಸೋ?

ಮತ್ತೆ ಫೋನ್ ಮಾಡಿದೆ. "ತಾರೀಖು ನೆನಪಿಡೋಕೆ ಒಳಗೊಂದು ಬಟನ್ ಸೆಲ್ ಇರುತ್ತೆ ಮೇಡಂ," ಎಂದಳು ಅದೇ ಹುಡುಗಿ. "ಅದು ಸತ್ತಿರ್ಬೇಕು. ಹೊಸದು ಹಾಕ್ಸಿ."

ಸೆಲ್ ಹಾಕಲು ಮನೆಯಲ್ಲೇ ಇಂಥವರಿರುವಾಗ ಹೊರಗೆ ಯಾಕೆ ಹೋಗಲಿ? "ಮಾವ, ಇದು ನಿಮ್ದೇ ಡಿಪಾರ್ಟ್‌ಮೆಂಟು" ಎಂದು ಕರೆದೆ. ಮಾವ ತಕ್ಷಣ ಏಳಲಿಲ್ಲ. ಆಮೇಲೆ ಹಳೇ ಡಬ್ಬಿ ತಡಕಿ ಒಂದು ಸೆಲ್ ತಂದರು. ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿಕೊಟ್ಟೆ. ಅವರು ಬೆರಳಿನಿಂದ ಸವರಿ ಸವರಿ ಜಾಗ ಹುಡುಕಿದರು, ಎರಡು ಸಲ ಸೆಲ್ ಕೆಳಗೆ ಬಿತ್ತು. ಕೊನೆಗೆ ಒತ್ತಿ ಕೂರಿಸಿದರು.

ಆನ್ ಮಾಡಿದರೆ ತಾರೀಖು ಹನ್ನೆರಡು ವರ್ಷ ಹಿಂದಕ್ಕೆ ಹೋಗಿತ್ತು! ನನ್ನ ಮದುವೆಯ ವರ್ಷ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಮತ್ತೆ ಬಿಚ್ಚಿ ನೋಡಿದರೆ ಸೆಲ್ ತಲೆಕೆಳಗಾಗಿ ಕೂತಿತ್ತು. ಅದರ ಮೇಲಿನ ಕೂಡು ಚಿಹ್ನೆ ನನಗೆ ಮಾರು ದೂರದಿಂದ ಕಾಣುತ್ತದೆ.

"ಏನ್ ಮಾವ ಇದು, ಉಲ್ಟಾ ಹಾಕಿದೀರಲ್ಲ!"

"ಕೈ ನಡುಗ್ತು ಕಣಮ್ಮ" ಎಂದರು.

ಅವರ ಕೈ ನಡುಗಿರಲಿಲ್ಲ. ಆದರೆ ಗಂಟೆ ಮೂರೂವರೆ, ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು. ಸೆಲ್ ತಿರುಗಿಸಿ ಹಾಕಿ, ತಾರೀಖು ಬದಲಾಯಿಸಿ, ಕಾವಲು ನಾಯಿಯ ಹಾಗೆ ಎದುರಿಗೇ ಕೂತೆ. ನಾಲ್ಕಕ್ಕೆ ಪ್ರೋಗ್ರಾಂ ಪೂರ್ತಿ ಇಳಿಯಿತು. "ಆಯ್ತು ಮಾವ, ಹಾಕ್ಕೊಳ್ತು!" ಎಂದು ಕಿರುಚಿ, ಒಣಗಿದ ಬಟ್ಟೆ ತರಲು ಮಹಡಿಗೆ ಓಡಿದೆ. ಒಮ್ಮೆ ಆಫ್ ಆಗಿ ಆನ್ ಆದರೆ ಸಾಕು, ಮುಗಿಯಿತು ಎಂದುಕೊಂಡಿದ್ದೆ.

ಬಟ್ಟೆ ಹೊತ್ತು ಕೆಳಗೆ ಬಂದವಳು ಬಾಗಿಲಲ್ಲೇ ನಿಂತೆ. ಮಾವ ಕಂಪ್ಯೂಟರಿನ ಮುಂದೆ ಕೂತಿದ್ದರು, ಮೂಗು ಪರದೆಗೆ ತಾಗುವಷ್ಟು ಹತ್ತಿರ. ಹುಡುಕಿ ಹುಡುಕಿ ಒಂದು ಅಂಕಿ ಒತ್ತಿದರು. ಮೂಲೆಯಲ್ಲಿ ತಾರೀಖು ಒಂಬತ್ತಾಯಿತು.

"ಮಾವಾ!"

ಅವರು ಬೆಚ್ಚಿಬಿದ್ದರು. ನಾನು ಬಟ್ಟೆ ಬಿಸಾಕಿದೆ. "ಬೆಳಗ್ಗಿಂದ ನನ್ನ ಹೊಟ್ಟೆ ಉರಿಸ್ತಿರೋದು ನೀವಾ? ನನ್ನ ಪರೀಕ್ಷೆ ಮೇಲೆ ನಿಮಗೇನು ಸೇಡು?"

"ಸೇಡಲ್ಲಮ್ಮ. ಹಾಕ್ಕೊಳ್ತು ಅಂದ್ಯಲ್ಲ, ಮುಗೀತೇನೋ ಅನ್ಕೊಂಡೆ." ಅವರು ಏನನ್ನೋ ಒತ್ತಿದರು. ಪೇಪರಿನ ಅಕ್ಷರಗಳು ಅಂಗೈಯಗಲ ಹಿಗ್ಗಿ, ಪರದೆಗೆ ಮೂರೇ ಪದ ಉಳಿದವು. "ಇದೊಂದು ಪ್ರೋಗ್ರಾಮು. ಅಕ್ಷರ ದೊಡ್ಡದು ಮಾಡುತ್ತೆ. ಒಂದು ತಿಂಗಳು ಮಾತ್ರ ಪುಕ್ಕಟೆ. ತಾರೀಖು ಒಂಬತ್ತು ದಾಟಿದ್ರೆ ನಿಂತೋಗುತ್ತೆ. ಅದಕ್ಕೇ ದಾಟೋಕೆ ಬಿಡ್ತಿರ್ಲಿಲ್ಲ."

"ಸೆಲ್ ಹಾಕೋವಾಗ್ಲಾದ್ರೂ ಹೇಳ್ಬಾರ್ದಿತ್ತಾ?"

"ಸೆಲ್ಲಿಂದಲ್ಲ ಅಂತ ಗೊತ್ತಿತ್ತು. ಬಾಯಿ ಬರ್ಲಿಲ್ಲ. ಹೇಳಿದ್ರೆ ಯಾಕೆ ಅಂತ ಕೇಳ್ತಿದ್ದೆ."

ಅಂಗಡಿ ಮುಚ್ಚಿದ್ದು ಯಾಕೆ ಎಂದು ಆಗ ಹೊಳೆಯಿತು. ಅಕ್ಷರ ದೊಡ್ಡದು ಮಾಡುವ ಸೌಕರ್ಯ ಆ ಕಂಪ್ಯೂಟರಿನಲ್ಲೇ ಪುಕ್ಕಟೆ ಇತ್ತು, ಕೇಳಿದ್ದರೆ ಒಂದು ನಿಮಿಷದ ಕೆಲಸ. ಅವರು ಕೇಳಲಿಲ್ಲ, ನಾನೂ ನೋಡಲಿಲ್ಲ. ಊರಿನವರ ಕಣ್ಣನ್ನೆಲ್ಲ ಪರೀಕ್ಷೆ ಮಾಡಿ ಮನೆಗೆ ಬಂದು, ಇದೇ ಮನುಷ್ಯ ತಡಕಾಡುವುದನ್ನು ಗಮನಿಸದೆ ತಟ್ಟೆ ಕೈಗೇ ಕೊಡುತ್ತಿದ್ದೆ. ನಾಚಿಕೆಯಿಂದ ಸತ್ತುಹೋಗುವಂತಾಯಿತು.

ತಾರೀಖು ಸರಿ ಮಾಡಿ, ಆಫ್ ಮಾಡಿ ಆನ್ ಮಾಡಿದೆ. ಐದಕ್ಕೆ ಹತ್ತು ನಿಮಿಷವಿರುವಾಗ 'ಸಿದ್ಧ' ಎಂದು ಬಂತು. ಬೆಳಿಗ್ಗೆಯಿಂದ ಇದಕ್ಕಾಗಿ ಬಾಯಿ ಬಾಯಿ ಬಿಟ್ಟಿದ್ದೆ, ಈಗ ಖುಷಿಯೇ ಆಗಲಿಲ್ಲ.

ಮಾವನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತೆ. ಬೇರೆ ಮಾತೇ ತೋಚಲಿಲ್ಲ.

"ಒಂದು ಕಣ್ಣು ಮುಚ್ಕೊಳ್ಳಿ ಮಾವ. ಏನ್ ಕಾಣ್ಸುತ್ತೆ ಹೇಳಿ."

ಅವರು ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡು, ನನ್ನ ಕಡೆಗೆ ಬಗ್ಗಿದರು.

"ನೀನಿರೋದು ಕಾಣ್ಸುತ್ತೆ," ಎಂದರು. "ಅಳ್ತಿದೀಯೋ ನಗ್ತಿದೀಯೋ, ಅದು ಗೊತ್ತಾಗ್ತಿಲ್ಲ."

"ನಗ್ತಿದೀನಿ ಮಾವ" ಎಂದು ಹೇಳಿ, ಸದ್ದಾಗದಂತೆ ಮೂಗು ಒರೆಸಿಕೊಂಡೆ.