ಕೊಲಂಬೊ ಅಳತೆ

ಕೊಲಂಬೊದಲ್ಲಿ ನೀಲಕಂಠಸ್ವಾಮಿ ಇದ್ದದ್ದು ಹನ್ನೊಂದೇ ತಿಂಗಳು. ಆದರೆ ಗುಂಡ್ಲುಪೇಟೆಗೆ ವಾಪಸು ಬಂದಾಗ ಹನ್ನೊಂದು ವರ್ಷ ಇದ್ದು ಬಂದವನ ಹಾಗೆ ಮಾತಾಡುತ್ತಿದ್ದ. ಕೊಯಮತ್ತೂರಿನ ಸಾಹುಕಾರರೊಬ್ಬರು ಅಲ್ಲಿ ನಡೆಸುತ್ತಿದ್ದ ಜವಳಿ ಅಂಗಡಿಯಲ್ಲಿ ಕೆಲಸ ಕಲಿಯಲು ಹೋದವನು, ಬಿಡುವು ಸಿಕ್ಕಾಗಲೆಲ್ಲ ಟೇಪು ಹಿಡಿದು ಆ ಅಂಗಡಿಯನ್ನೇ ಅಳೆದು ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದ. ಕೌಂಟರಿನ ಎತ್ತರ ಮೂರೂಕಾಲು ಅಡಿ. ಬೀದಿ ಕಡೆಯ ಗಾಜು ಐದಡಿ ಅಗಲ. ಬಾಗಿಲು ಒಳಕ್ಕೆ ತಳ್ಳಿದರೆ ತಾನಾಗಿಯೇ ಮುಚ್ಚಿಕೊಳ್ಳಬೇಕು. ಎರಡು ಪ್ಯಾಂಟು, ಒಂದು ಕೊಡೆ, ಈ ಪುಸ್ತಕ, ಇಷ್ಟೇ ಅವನ ಪರದೇಶದ ಸಂಪಾದನೆ.

ಐವತ್ತನಾಲ್ಕನೇ ಇಸವಿಯ ಮಾತು. ಅವನ ತಂದೆ ಚಿಕ್ಕಮಲ್ಲಪ್ಪನವರ ಜವಳಿ ಅಂಗಡಿ ಊಟಿ ರಸ್ತೆಯ ಮಗ್ಗುಲಲ್ಲೇ ಇತ್ತು. ಮುಂದೆ ಜಗಲಿ, ಜಗಲಿ ದಾಟಿದರೆ ಅಂಗಡಿ, ಅಂಗಡಿಯ ಹಿಂದೆ ಮನೆ. ಬಂದವರು ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡು, ಮಳೆ ಬೆಳೆ ಮಾತಾಡಿ, ಆಮೇಲೆ ಒಳಗೆ ಬಂದು ಕಂಬಳಿಯ ಮೇಲೆ ಕೂರುತ್ತಿದ್ದರು. ಅಷ್ಟರಲ್ಲಿ ಮನೆಯೊಳಗಿಂದ ತಾಯಿ ಪುಟ್ಟಮಲ್ಲಮ್ಮನವರ ಮಜ್ಜಿಗೆ ಬರುತ್ತಿತ್ತು. ಮಗನ ಕಣ್ಣಿಗೆ ಇದೆಲ್ಲ ದಂಡದ ಬಾಬ್ತಾಗಿ ಕಂಡಿತು. ಜಗಲಿ ಕಿತ್ತು ಹಾಕಿಸಿ, ನೆಲವನ್ನು ಬೀದಿಯ ಮಟ್ಟಕ್ಕೆ ಇಳಿಸಿ, ಮೈಸೂರಿನಿಂದ ಹುಲ್ಲಿನಲ್ಲಿ ಸುತ್ತಿ ತಂದ ಗಾಜು ಕೂರಿಸಿದ. ಒಗ್ಗರಣೆ ವಾಸನೆ ಗಿರಾಕಿಗಳ ಮೂಗಿಗೆ ಬಡಿಯಬಾರದೆಂದು ಅಂಗಡಿಗೂ ಮನೆಗೂ ನಡುವೆ ಇದ್ದ ಬಾಗಿಲಿಗೆ ಹಲಗೆ ಹೊಡೆಸಿದ.

"ಮಜ್ಜಿಗೆ ಯಾವ ಕಿಂಡೀಲಿ ಕೊಡ್ಲಪ್ಪ?" ಎಂದರು ತಾಯಿ.

"ಕೊಲಂಬೊದಲ್ಲಿ ಮಜ್ಜಿಗೆ ಕೊಡಲ್ಲ ಕಣವ್ವ."

ಚಿಕ್ಕಮಲ್ಲಪ್ಪನವರು ಜಗಳ ಆಡಲಿಲ್ಲ. "ಏನಾರ ಮಾಡ್ಕೊ. ಬೇಗೂರು ಕರಿಬಸಮ್ಮನ ಮೊಮ್ಮಗಳ ಮದ್ವೆ ಜವಳಿ ಮಾತ್ರ ನಮ್ಮಲ್ಲೇ ಆಗ್ಬೇಕು ಕಣ್ಲಾ. ಅವ್ರು ಬೇರೆ ಕಡೆ ಓದ್ರು ಅಂದ್ರೆ ಇಡೀ ಬೇಗೂರೇ ಓಯ್ತು," ಎಂದಷ್ಟೇ ಹೇಳಿದರು. ಅದು ನಿಜವೂ ಆಗಿತ್ತು. ಬೇಗೂರಿನ ಜನ ಬಟ್ಟೆಯ ವಿಷಯದಲ್ಲಿ ಆ ಮುದುಕಿ ಇಟ್ಟ ಹೆಜ್ಜೆಯನ್ನೇ ಇಡುತ್ತಿದ್ದರು.

ಗಾಜಿನ ಹಿಂದೆ ನಿಲ್ಲಿಸಲು ಒಂದು ಗೊಂಬೆ ಬೇಕಿತ್ತು. ಹರದನಹಳ್ಳಿಯ ಬಡಗಿ ಹುಚ್ಚಯ್ಯನಿಗೆ ಹೇಳಿ ಮಾಡಿಸಿದ. "ತಲೆ ಬ್ಯಾಡ್ವಾ ಸ್ವಾಮಿ?" ಎಂದು ಹುಚ್ಚಯ್ಯ ಎರಡು ಸಲ ಕೇಳಿದ. ಕೊಲಂಬೊದ ಗೊಂಬೆಗೆ ಕತ್ತಿನಿಂದ ಮೇಲೆ ಏನೂ ಇರಲಿಲ್ಲ, ಹಾಗಾಗಿ ಬೇಡ ಎಂದ. ತಲೆ ಇಲ್ಲದ್ದು ಗೊಂಬೆಗೋ ಅದನ್ನು ಮಾಡಿಸಿದವನಿಗೋ ಎಂದು ಊರು ಆಡಿಕೊಂಡಿತು. ಈಗ ನೀಲಕಂಠಸ್ವಾಮಿಯೇ ಅದನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಾನೆ. ಆಗ ಮಾತ್ರ ಮೈಯೆಲ್ಲ ಉರಿದಿತ್ತು.

ಮೂರು ತಿಂಗಳು ಅವನು ಪ್ಯಾಂಟು ಹಾಕಿಕೊಂಡು ಕೌಂಟರಿನ ಹಿಂದೆ ನಿಂತ. ಜನ ಬರುತ್ತಿದ್ದರು, ಗಾಜಿನವರೆಗೆ. ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳುತ್ತಿದ್ದರು, ವಿಭೂತಿ ಸರಿಮಾಡಿಕೊಳ್ಳುತ್ತಿದ್ದರು, ಬಾಗಿಲು ಮುಚ್ಚಿದೆ ಎಂದುಕೊಂಡು ಹೊರಟುಹೋಗುತ್ತಿದ್ದರು. ಧೈರ್ಯ ಮಾಡಿ ಒಳಗೆ ಬಂದ ಒಬ್ಬಿಬ್ಬರು ಚಪ್ಪಲಿ ಬೀದಿಯಲ್ಲಿ ಬಿಟ್ಟು, ಹೆಗಲ ಮೇಲಿನ ವಲ್ಲಿ ಕಂಕುಳಿಗೆ ಸೇರಿಸಿ, ಅಮಲ್ದಾರರ ಮುಂದೆ ನಿಂತವರ ಹಾಗೆ ನಿಂತು, ಹೇಳಿದ ರೇಟಿಗೆ ತಲೆಯಾಡಿಸಿ, ಏನೂ ಕೊಳ್ಳದೆ ಹೋದರು. ಚೌಕಾಸಿ ಮಾಡದ ಗಿರಾಕಿಯನ್ನು ಅವನು ಅದೇ ಮೊದಲು ನೋಡಿದ್ದು, ಮತ್ತು ಅದನ್ನು ನಾಗರಿಕತೆ ಎಂದುಕೊಂಡ.

ಇನ್ನು ಚಿಕ್ಕಮಲ್ಲಪ್ಪನವರಿಗೆ ಕೂರಲು ಜಾಗವೇ ಇರಲಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ ರಸ್ತೆ ದಾಟಿ ಎದುರಿನ ಜವಳಿ ಅಂಗಡಿಗೆ ಹೋಗುವರು. ಅದು ಶಿವಮಲ್ಲಪ್ಪನದು. ಇಪ್ಪತ್ತು ವರ್ಷದಿಂದ ಇವರ ಪೈಪೋಟಿಗೆ ನಿಂತ ಮನುಷ್ಯ. ಆದರೆ ಅವನ ಅಂಗಡಿಗೆ ಜಗಲಿ ಇತ್ತು, ಒಳ್ಳೆ ಎತ್ತರದ ಜಗಲಿ. ಅಪ್ಪ ಹೋಗಿ ಅಲ್ಲಿ ಕೂರುವುದು ಮಗನಿಗೆ ನಾಚಿಕೆಯಾಗಿತ್ತು. ಆ ನಾಚಿಕೆಗೆ ಯಾರು ಕಾರಣ ಎಂದು ಮಾತ್ರ ಅವನು ಯೋಚಿಸಿರಲಿಲ್ಲ.

ಕೊನೆಗೆ ಬೇಗೂರಿನ ಗಾಡಿಗಳು ಬಂದವು. ಎರಡು ಗಾಡಿ, ಹದಿನಾಲ್ಕು ಜನ. ಕರಿಬಸಮ್ಮ ಮುಂದೆ ಇಳಿದು ಗಾಜಿನ ಎದುರು ಬಂದು ನಿಂತಳು. ಗಿರಾಕಿ ತಾನಾಗಿ ಬಾಗಿಲು ತಳ್ಳಿ ಬರಬೇಕು, ಸಾಹುಕಾರ ಬೀದಿಗೆ ಇಳಿದು ಕರೆಯಬಾರದು ಎಂದು ಕೊಲಂಬೊದಲ್ಲಿ ಕಲಿಸಿದ್ದರು. ನೀಲಕಂಠಸ್ವಾಮಿ ಕೌಂಟರಿನ ಹಿಂದೆ ನೆಟ್ಟಗೆ ನಿಂತು ನಕ್ಕ. ಕರಿಬಸಮ್ಮ ಗಾಜಿನ ಆಚೆಯಿಂದ ನಕ್ಕಳು. ಮನೆಯವರು ಹೊರಗೆ ಬಂದು 'ಬನ್ನಿ' ಅನ್ನದೆ ಮುಚ್ಚಿದ ಬಾಗಿಲು ತಳ್ಳಿಕೊಂಡು ಒಳನುಗ್ಗುವ ಹೆಂಗಸಲ್ಲ ಅವಳು. ಅವಳು ನಿಂತಳು. ಇವನೂ ನಿಂತ. ಇಬ್ಬರೂ ನಗುತ್ತಲೇ ಇದ್ದರು. ನಕ್ಕು ನಕ್ಕು ಅವನ ದವಡೆ ನೋಯತೊಡಗಿತು.

ಆಮೇಲೆ ಮುದುಕಿಯ ಕಣ್ಣು ಗೊಂಬೆಯ ಮೇಲೆ ಬಿತ್ತು. ಗೊಂಬೆಗೆ ಅವನು ಅಂಗಡಿಯಲ್ಲೇ ಒಳ್ಳೆಯದಾದ ಧಾರೆ ಸೀರೆ ಉಡಿಸಿದ್ದ. ಕರಿಬಸಮ್ಮನ ನಗು ಅಲ್ಲಿಗೆ ನಿಂತಿತು. ಮದುವಣಗಿತ್ತಿಯ ಕೈ ಹಿಡಿದು ಹಿಂದಕ್ಕೆ ಸರಿದಳು.

ಅಷ್ಟರಲ್ಲಿ ಅವರ ಪೈಕಿ ಯಾರೋ ಎದುರು ಜಗಲಿಯ ಮೇಲೆ ಚಿಕ್ಕಮಲ್ಲಪ್ಪನವರು ಕೂತಿದ್ದನ್ನು ಕಂಡರು. ಹದಿನಾಲ್ಕು ಜನವೂ ರಸ್ತೆ ದಾಟಿತು. ನಮಸ್ಕಾರ, ಯೋಗಕ್ಷೇಮ, ಎಲೆಅಡಿಕೆ ತಟ್ಟೆ, ಶಿವಮಲ್ಲಪ್ಪನ ಮನೆಯ ಮಜ್ಜಿಗೆ, ಎಲ್ಲವನ್ನೂ ನೀಲಕಂಠಸ್ವಾಮಿ ಐದಡಿ ಅಗಲದ ಗಾಜಿನ ಮೂಲಕ ಸ್ಪಷ್ಟವಾಗಿ ನೋಡಿದ. ಗಾಜು ಹಾಕಿಸಿದ್ದಕ್ಕೆ ಆದ ಉಪಯೋಗ ಅದೊಂದೇ. ಶಿವಮಲ್ಲಪ್ಪ ಒಳಗಿಂದ ಕಂಬಳಿ ತಂದು ಹಾಸುವುದೂ ಕಾಣಿಸಿತು.

ಅಲ್ಲಿಗೆ ಕೊಲಂಬೊ ಮುಗಿಯಿತು. ಅವನು ಧಾರೆ ಸೀರೆಗಳನ್ನೂ ಮದುವೆಯ ಉಳಿದ ಜವಳಿಯನ್ನೂ ಗಂಟು ಕಟ್ಟಿ ಹೆಗಲಿಗೆ ಏರಿಸಿ, ಬಾಗಿಲನ್ನು ಕಾಲಿನಿಂದಲೇ ಒಳಕ್ಕೆ ಎಳೆದು ತೆಗೆದು, ಊಟಿ ಬಸ್ಸಿಗೆ ಅಡ್ಡ ಹಾದು ಎದುರಂಗಡಿಯ ಕೆಳಗೆ ಹೋಗಿ ನಿಂತ. ಡ್ರೈವರು ಏನೋ ಬೈದ.

"ಮಾವ, ನಿಮ್ಮ ಜಗಲಿ ಮೇಲೆ ಒಂದ್ಗಳಿಗೆ ನನ್ನ ಗಂಟು ಬಿಚ್ಬೋದಾ?"

ಶಿವಮಲ್ಲಪ್ಪ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ನನ್ನ ಕಂಬಳಿ, ನನ್ನ ಜಗಲಿ, ಯಾಪಾರ ನಿಂದು. ಕೊಲಂಬೊ ಸಾವ್ಕಾರ ಅಂದ್ರೆ ಇಂಗಿರ್ಬೇಕು ನೋಡು. ಆಗ್ಲಿ ಬಾ, ನಿಮ್ಮಪ್ಪ ಕುಂತವ್ರೆ. ಅವ್ರ ಮುಂದೆ ಇಲ್ಲ ಅನ್ನಕ್ಕಾಯ್ತದಾ."

ಹತ್ತಿ ಕೂರಲು ಹೋದರೆ ಪ್ಯಾಂಟು ಮಂಡಿ ಮಡಿಸಲು ಬಿಡಲಿಲ್ಲ. ಹಿರಿಯರ ಕಡೆಗೆ ಕಾಲು ಚಾಚುವ ಹಾಗಿಲ್ಲ, ಧಾರೆ ಸೀರೆಯನ್ನು ನಿಂತು ತೋರಿಸುವ ಹಾಗೂ ಇಲ್ಲ. ಶಿವಮಲ್ಲಪ್ಪ ತನ್ನದೇ ಒಂದು ಪಂಚೆ ತಂದುಕೊಟ್ಟ. ಎದುರಂಗಡಿಯ ಪಂಚೆ ಉಟ್ಟು, ಎದುರಂಗಡಿಯ ಕಂಬಳಿಯ ಮೇಲೆ ಕೂತು, ನೀಲಕಂಠಸ್ವಾಮಿ ಗಂಟು ಬಿಚ್ಚಿದ.

ಕರಿಬಸಮ್ಮ ಒಂದೊಂದು ಸೀರೆಯನ್ನೂ ಮೊಮ್ಮಗಳ ಕೆನ್ನೆಗೆ ಹಿಡಿದು ನೋಡಿದಳು. ಬೆಲೆ ಕೇಳಿ ಗೊಣಗಿದಳು, ಎರಡು ಸಲ ಎದ್ದು ಹೊರಟಂತೆ ಮಾಡಿ ಮತ್ತೆ ಕೂತಳು. ಆ ಗೊಣಗಾಟ ಕೇಳಿ ನೀಲಕಂಠಸ್ವಾಮಿಗೆ ಹೋದ ಜೀವ ಬಂದ ಹಾಗಾಯಿತು. ಮಧ್ಯಾಹ್ನದ ಹೊತ್ತಿಗೆ ಧಾರೆ ಸೀರೆಯೂ ಆಯಿತು, ಉಳಿದ ಜವಳಿಯೂ ಆಯಿತು.

"ಆ ತಲೆ ಇಲ್ದೋಳಿಗೆ ಉಡ್ಸಿದ್ಯಲ್ಲ, ಅದು ಇದ್ರಲ್ಲಿ ಇಲ್ಲ ತಾನೇ?" ಎಂದು ಮುದುಕಿ ಹೊರಡುವಾಗ ಕೇಳಿದಳು.

"ಇಲ್ಲ ಕಣಜ್ಜಿ. ಅದು ಅಲ್ಲೇ ಅದೆ."

"ಇರ್ಲಿ ಬುಡು, ಅವಳೇ ಉಟ್ಕೊಳ್ಳಿ."

ಗಾಡಿಗಳು ಹೋದವು. ಮಗ ಕೇಳಿದ: "ಅಪ್ಪ, ಜಗಲಿ ಮತ್ತೆ ಕಟ್ಟಿಸ್ಬುಡ್ಲಾ?"

"ಕಟ್ಸು," ಎಂದರು ಚಿಕ್ಕಮಲ್ಲಪ್ಪನವರು, ಮಂಡಿ ಹಿಡಿದುಕೊಂಡು ಏಳುತ್ತಾ. "ಇವನದು ಎತ್ತರ ಆಯ್ತದೆ ನಂಗೆ. ಮೂರು ತಿಂಗ್ಳಿಂದ ಹತ್ತಿ ಇಳ್ದು ಮಂಡಿ ಹಿಡ್ಕೊಂಬುಟ್ಟದೆ."

ನೀಲಕಂಠಸ್ವಾಮಿ ತೋಳು ಹಿಡಿದು ಅಪ್ಪನನ್ನು ಇಳಿಸಿದ. ಐದು ಮೆಟ್ಟಿಲು. ಅವರ ಹಳೆಯ ಜಗಲಿಗೆ ಇದ್ದದ್ದು ಎರಡೇ. ಪ್ರತಿ ಮೆಟ್ಟಿಲಿಗೂ ಅಪ್ಪ ನಿಂತು ಉಸಿರು ಬಿಟ್ಟರು. ಮೂರು ತಿಂಗಳು ಗಾಜಿನ ಹಿಂದೆ ನಿಂತವನು, ದಿನಾ ಎದುರಿಗೇ ನಡೆಯುತ್ತಿದ್ದ ಇದನ್ನು ನೋಡಿರಲಿಲ್ಲ.

ಮಾರನೆಯ ಬೆಳಿಗ್ಗೆ ಗಾರೆ ಕೆಲಸದ ಚೆಲುವಯ್ಯ ಬಂದು ಜಗಲಿ ಎಷ್ಟೆತ್ತರ ಬರಬೇಕು ಎಂದು ಕೇಳಿದ. ನೀಲಕಂಠಸ್ವಾಮಿ ಒಳಗೆ ಹೋಗಿ ಟೇಪನ್ನೂ ಆ ಪುಸ್ತಕವನ್ನೂ ತಂದ. ಅಪ್ಪನನ್ನು ಬೀದಿಯಲ್ಲಿ ನಿಲ್ಲಿಸಿ, ತಾನು ಮಣ್ಣಿನಲ್ಲಿ ಕೂತು, ನೆಲದಿಂದ ಅವರ ಮಂಡಿಯವರೆಗೆ ಅಳೆದ. ಒಂದು ಅಡಿ ಏಳು ಇಂಚು. ಕೊಲಂಬೊ ಅಳತೆಗಳೆಲ್ಲ ಮುಗಿದ ಮೇಲಿನ ಖಾಲಿ ಪುಟದಲ್ಲಿ ಅದನ್ನು ಬರೆದುಕೊಂಡ.